ಕೊಯ್ಯದ ರಾಗಿ

ಗೊಟ್ಟಿಗೆರೆಯ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ, ಒಡೆಯರ ಒಪ್ಪಿಗೆ ಪಡೆದು, ಹಕ್ಕಿಗಳಿಗೆಂದೇ ರಾಗಿ ಬಿತ್ತಿದೆವು. ಟ್ರ್ಯಾಕ್ಟರು ತಿರುಗಲು ಅಲ್ಲಿ ಜಾಗವಿಲ್ಲ, ಅಗತ್ಯವೂ ಇಲ್ಲ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುನ್ನವೇ ಕಿತ್ತು, ಮಳೆಗೆ ನೆಲ ಮೆದುವಾದಾಗ ಗುದ್ದಲಿಯಿಂದ ಅಗೆದು ಹೆಂಟೆ ಒಡೆದೆವು. ರಾಗಿಕಾಳು ತೀರ ಸಣ್ಣದು. ಮರಳು ಬೆರೆಸಿ ಎರಚಿದರೆ ಒಂದೇ ಕಡೆ ಬೀಳದು. ಮೇಲೆ ಮುಳ್ಳಿನ ಕೊಂಬೆ ಎಳೆದರೆ ಮಣ್ಣು ಮುಚ್ಚಿಕೊಳ್ಳುತ್ತದೆ. ಬಣ್ಣ ಹಚ್ಚಿದ ಪ್ಯಾಕೆಟ್ ಬೀಜ ಮಾತ್ರ ಬೇಡ. ಅದಕ್ಕೆ ಔಷಧಿ ಸವರಿರುತ್ತಾರೆ. ಮೇಲುಳಿದ ಕಾಳನ್ನು ಹೆಕ್ಕುವ ಹಕ್ಕಿಗೆ ವಿಷ. ಉಣ್ಣಿಸಲು ಹೊರಟು ಕೊಲ್ಲುವುದೇ?

"ಕೊಯ್ಯೋದಿಲ್ಲ ಅಂದ್ಮೇಲೆ ಬಿತ್ತೋದ್ಯಾಕೆ ಸಾಬ್ರೇ?" ಎಂದರು ನೆರೆಮನೆಯ ಗೌಡರು. ಬಿತ್ತಿದ್ದನ್ನು ಹಕ್ಕಿಯೋ ಮನುಷ್ಯನೋ ಪ್ರಾಣಿಯೋ ತಿಂದರೆ ಅದು ಬಿತ್ತಿದವನ ಪಾಲಿಗೆ ಸದಕಾ ಎಂಬ ಹದೀಸಿನ ಮಾತು ಹೇಳಿದೆವು.

"ಹಾಗಾದ್ರೆ ಆನೆ ತಿಂದ್ರೂ ರೈತ ಸುಮ್ನಿರಬೇಕಾ?"

ಉತ್ತರ ಸುಲಭವಿರಲಿಲ್ಲ. ನಮ್ಮದೇ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಬನ್ನೇರುಘಟ್ಟ 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರ ಅಂಚಿನ ರಾಗಿ ಹೊಲಗಳಿಗೆ ಆನೆಗಳು ನುಗ್ಗುತ್ತವೆ. ಅಲ್ಲಿ ಹೀಗೆ ಬಿತ್ತಿ ಬಿಡುವುದು ಆನೆಯನ್ನು ಊರಿಗೆ ಕರೆದಂತೆ. ವರ್ಷದ ದುಡಿಮೆ ಕಳೆದುಕೊಂಡವನಿಗೆ ಬೇಕಿರುವುದು ಸಕಾಲದ ಪರಿಹಾರವೇ ಹೊರತು ನಮ್ಮ ಉಪದೇಶವಲ್ಲ.

ತೆನೆ ಬಲಿತಾಗ ರಾಟವಾಳಗಳು ಹಿಂಡುಗಟ್ಟಿ ಬಂದವು. ಬರುವ ವರ್ಷ ಸೈಟಿನಲ್ಲಿ ಪಾಯ ತೆಗೆಸುತ್ತಾರಂತೆ. ಗೌಡರ ಹಿತ್ತಲಲ್ಲಿ ಮೂರು ಮಾರು ಜಾಗವಿದೆ, ಕೇಳಬೇಕು.