ಕಮಾನುಗಾಡಿಯ ಜೀರ್ಣೋದ್ಧಾರ

ದಾನ, ಪಾಲನೆ ಎಂಬ ಎರಡರಲ್ಲಿ ಪಾಲನೆಯೇ ಶ್ರೇಯಸ್ಕರವೆಂದು ಕನ್ನಡ ನಾಡಿನ ಅನೇಕ ದಾನಶಾಸನಗಳು ತಮ್ಮ ಕಡೆಯ ಶ್ಲೋಕಗಳಲ್ಲಿ ಸಾರುತ್ತವೆ. ಕೊಡುವವನ ಉತ್ಸಾಹ ಒಂದು ದಿನದ್ದು. ಕಾಯುವವನ ಶ್ರಮ ತಲೆಮಾರುಗಳದ್ದು. ಕೆರೆಯನ್ನು ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ; ವರ್ಷ ವರ್ಷವೂ ಅದರ ಹೂಳೆತ್ತಿದವನ ಹೆಸರು ಯಾವ ಕಲ್ಲಿನಲ್ಲಿಯೂ ಇರುವುದಿಲ್ಲ. ಆದರೂ ಕೆರೆ ಬದುಕಿರುವುದು ಆ ಎರಡನೆಯವನಿಂದ. ಈ ಮಾತು ಕೆರೆ ದೇಗುಲಗಳಿಗೆ ಸಲ್ಲುವಂತೆಯೇ, ಕೊಟ್ಟಿಗೆಯ ಮೂಲೆಯಲ್ಲಿ ಧೂಳು ಹೊದ್ದು ನಿಂತಿರುವ ಒಂದು ಹಳೆಯ ಬಂಡಿಗೂ ಸಲ್ಲುತ್ತದೆ.

ಬಂಡಿಯು ಭಾರತೀಯರ ಬಾಳಿನಲ್ಲಿಯೂ ಭಾವನೆಯಲ್ಲಿಯೂ ಬಹುಕಾಲದಿಂದ ಬೆರೆತಿದೆ. ಸಂಸ್ಕೃತದ ಶಕಟವು ಕನ್ನಡದಲ್ಲಿ ಸಗಡವಾಯಿತು. ಜ್ಯೋತಿಷಿಗಳು ರೋಹಿಣಿಯ ತಾರೆಗಳಲ್ಲಿ ಬಂಡಿಯ ಆಕಾರವನ್ನು ಕಂಡರು. ಋಗ್ವೇದದ ಋಷಿಗೆ ಕಾಲವು ಹನ್ನೆರಡು ಅರಗಳುಳ್ಳ ಚಕ್ರವಾಗಿ ತೋರಿತು. ಶೂದ್ರಕನ ನಾಟಕಕ್ಕೆ ಮಗುವೊಂದರ ಮಣ್ಣಿನ ಬಂಡಿಯೇ ಹೆಸರನ್ನಿತ್ತಿತು. ಜೇಡರ ದಾಸಿಮಯ್ಯನು ಒಡಲನ್ನೇ ಬಂಡಿಯೆಂದು ಬಗೆದು, ಶರಣರ ನುಡಿಗಳನ್ನು ಅದರ ಕಡೆಗೀಲೆಂದು ಕರೆದನು. ಬಂಡಿಯನ್ನು ಹತ್ತಿರದಿಂದ ಬಲ್ಲವನಿಗಲ್ಲದೆ ಈ ಉಪಮೆ ಹೊಳೆಯುವಂತಿಲ್ಲ. ಬೆರಳುದ್ದದ ಕೀಲೊಂದು ಕಳಚಿದರೆ ಗಾಲಿ ಒಂದು ಕಡೆ, ಬಂಡಿ ಒಂದು ಕಡೆ.

ಸರಕಿನ ಬಂಡಿ ಬೇರೆ, ಕಮಾನುಗಾಡಿ ಬೇರೆ. ಮೇಲೆ ಬಿದಿರಿನ ಬಾಗುಚಾವಣಿ, ಒಳಗೆ ಹುಲ್ಲಿನ ಮೆತ್ತೆಯ ಮೇಲೆ ಹಾಸಿದ ಜಮಖಾನ, ತಳದಲ್ಲಿ ತೂಗುವ ಲಾಟೀನು, ಕೀಲೆಣ್ಣೆ ತುಂಬಿದ ಬಿದಿರಿನ ಅಂಡೆ, ಹಿಂಬದಿಯಲ್ಲಿ ಅಕ್ಕಿ ಬೇಳೆಗಳ ಗಂಟು: ಅದು ನಡೆದಾಡುವ ಮನೆ. ಪಶ್ಚಿಮ ದೇಶಗಳಲ್ಲಿ ಇಂತಹ ಸಂಚಾರಿ ಗೃಹವು ವಿನೋದಕ್ಕಾಗಿ ಬೆಳೆಯಿತು. ನೌಕಾಪಡೆಯ ನಿವೃತ್ತ ವೈದ್ಯನಾದ ಗಾರ್ಡನ್ ಸ್ಟೇಬಲ್ಸ್ ಎಂಬಾತನು 1885ರಲ್ಲಿ ಎರಡು ಕುದುರೆಗಳೆಳೆಯುವ ಮರದ ಮನೆಯೊಂದನ್ನು ಮಾಡಿಸಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಸಂಚರಿಸಿದನು. ಮುಂದೆ ಮೋಟಾರಿನ ಬೆನ್ನಿಗೆ ಕಟ್ಟುವ ಟ್ರೈಲರ್ ಮನೆಗಳು ಬಂದವು. ಹಳೆಯದಾದ ಅಂತಹ ಮನೆಗಳನ್ನು ಬಿಚ್ಚಿ, ಕೊಳೆತುದನ್ನು ತೆಗೆದು, ಮರಳಿ ಜೋಡಿಸಿ, ಹೆಂಡಿರು ಮಕ್ಕಳೊಡನೆ ಕಾಡಿನಂಚಿಗೆ ಒಯ್ದು ಬಿಡಾರ ಹೂಡುವುದು ಅಲ್ಲಿ ಅನೇಕರಿಗೆ ಪ್ರಿಯವಾದ ಹವ್ಯಾಸ. ಕನ್ನಡ ನಾಡಿನಲ್ಲಿ ಇದು ವಿನೋದವಾಗುವ ಮೊದಲೇ ಯಾತ್ರೆಯಾಗಿತ್ತು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿಗಳನ್ನು ಹೂಡಿಕೊಂಡು ಹೋಗಿ, ಮರದ ನೆರಳಿನಲ್ಲಿ ಕೊರಳು ಬಿಟ್ಟು, ಮೂರು ಕಲ್ಲಿನ ಒಲೆಯ ಮೇಲೆ ಅಡುಗೆ ಮಾಡಿಕೊಂಡು ದಿನಗಳನ್ನು ಕಳೆದ ಕುಟುಂಬಗಳಿಗೆ ಲೆಕ್ಕವಿಲ್ಲ.

ಸಹ್ಯಾದ್ರಿಯ ಪಡುವಣ ತಪ್ಪಲಿನಲ್ಲಿರುವ ಸುಬ್ರಹ್ಮಣ್ಯ ಕ್ಷೇತ್ರಕ್ಕೂ ಬಂಡಿಯ ನಂಟು ಹಿಂದಿನದು. ಕುಮಾರಪರ್ವತದ ಬುಡದಲ್ಲಿ, ಕುಮಾರಧಾರೆಯ ಮಗ್ಗುಲಲ್ಲಿರುವ ಈ ಊರು ಇಂದು ಕಡಬ ತಾಲ್ಲೂಕಿಗೆ ಸೇರಿದೆ. ಘಟ್ಟದ ಮೇಲಿನಿಂದ ಬಿಸಲೆಯ ದಾರಿ ಇಳಿದು ಬಂದು ಸೇರುವುದು ಸಮೀಪದ ಕುಲ್ಕುಂದಕ್ಕೆ. ಅಲ್ಲಿ ನೆರೆಯುತ್ತಿದ್ದ ಜಾನುವಾರು ಜಾತ್ರೆ ಒಂದು ಕಾಲಕ್ಕೆ ಬಹು ಪ್ರಸಿದ್ಧವಾಗಿತ್ತು. ಬಯಲುಸೀಮೆಯ ಎತ್ತುಗಳು ಘಾಟಿಯಿಳಿದು ಬರುತ್ತಿದ್ದವು. ಕರಾವಳಿಯ ರೈತರು ಅವನ್ನು ಕೊಂಡು ಒಯ್ಯುತ್ತಿದ್ದರು. ಬಸ್ಸುಗಳು ಬಂದವು, 1979ರಲ್ಲಿ ಹಾಸನ ಮಂಗಳೂರು ರೈಲುದಾರಿ ಪೂರ್ಣವಾಗಿ ತೆರೆಯಿತು, ಮನೆ ಮನೆಗೆ ಜೀಪು ಕಾರುಗಳು ಬಂದವು. ಎತ್ತುಗಳು ಕಡಮೆಯಾದವು, ಬಂಡಿಗಳು ಕೊಟ್ಟಿಗೆ ಸೇರಿದವು.

ಈ ಪರಿಸರದ ಒಂದು ಅಡಕೆ ತೋಟದ ಮನೆಯಲ್ಲಿ ಅಂತಹ ಕಮಾನುಗಾಡಿಯೊಂದಿತ್ತು. ಮನೆಯ ಹಿಂದಿನ ಯಜಮಾನರು ಅದನ್ನು ಮಾಡಿಸಿದ್ದರು. ಷಷ್ಠಿಯ ಜಾತ್ರೆಗೆ, ನಂಟರ ಮನೆಯ ಮದುವೆಗೆ, ಹೆರಿಗೆಗೆ ಬರುವ ಮಗಳನ್ನು ಕರೆತರಲು ಅದೇ ವಾಹನ. ಅವರ ಕಾಲವಾದ ಮೇಲೆ ಅದರ ಮೇಲೆ ಸೋಗೆ ಒಟ್ಟಿದರು, ಕೋಳಿಗಳು ಕಾವು ಕೂತವು, ಒಂದು ಬದಿಯ ಹಲಗೆಗೆ ಗೆದ್ದಲು ಹಿಡಿಯಿತು. ಪಟ್ಟಣದಲ್ಲಿ ಉದ್ಯೋಗದಲ್ಲಿದ್ದ ಮೊಮ್ಮಗನು ತೋಟ ನೋಡಿಕೊಳ್ಳಲು ಊರಿಗೆ ಮರಳಿದಾಗ, ಅವನ ಇಬ್ಬರು ಮಕ್ಕಳು ಸೋಗೆಯನ್ನು ಎಳೆದು ಹಾಕಿ ಒಳಗೆ ಹತ್ತಿ ಕುಳಿತರು. ಈ ಬಂಡಿಯಲ್ಲಿ ಹೋಗಿ ಹೊಳೆಯ ಹತ್ತಿರ ಒಂದು ರಾತ್ರಿ ಉಳಿಯಬಹುದೇ ಎಂಬುದು ಅವರ ಪ್ರಶ್ನೆ. ಜೀರ್ಣೋದ್ಧಾರದ ಸಂಕಲ್ಪವಾದುದು ಹೀಗೆ.

ಸಂಕಲ್ಪಕ್ಕೆ ವಿಘ್ನಗಳೂ ಒದಗಿದವು. ವಸತಿಗೃಹವೊಂದರ ಒಡೆಯರು ಬಾಗಿಲಲ್ಲಿ ಅಲಂಕಾರಕ್ಕೆ ನಿಲ್ಲಿಸಲು ಬಂಡಿಯನ್ನು ಕೇಳಿದರು. ಒಳ್ಳೆಯ ಬೆಲೆಯನ್ನೂ ಹೇಳಿದರು. ಬಣ್ಣ ಬಳಿದು, ಹೂವಿನ ಕುಂಡ ಇಟ್ಟು, ಗಾಲಿಗಳನ್ನು ಸಿಮೆಂಟಿನಲ್ಲಿ ಹೂಳುವುದು ಅವರ ಯೋಜನೆ. ಬಂಧುಗಳು ಮತ್ತೊಂದು ಸಲಹೆಯಿತ್ತರು: ಮರದ ಗಾಲಿಗಳನ್ನು ಬಿಸುಟು, ಡನ್‌ಲಪ್ ಗಾಡಿಯಂತೆ ರಬ್ಬರಿನ ಟೈರು ತೊಡಿಸಿ ಜೀಪಿಗೆ ಕಟ್ಟಿದರಾಯಿತು. ಮೊದಲನೆಯದರಲ್ಲಿ ಬಂಡಿಯ ಮರ ಉಳಿಯುತ್ತದೆ, ಚಲನೆ ಹೋಗುತ್ತದೆ. ಎರಡನೆಯದರಲ್ಲಿ ಚಲನೆ ಉಳಿಯುತ್ತದೆ, ಬಂಡಿ ಹೋಗುತ್ತದೆ. ಮೊಮ್ಮಗನು ಎರಡನ್ನೂ ಒಪ್ಪದೆ, ನಾಲ್ಕು ಊರಿನ ಆಚೆಯಿಂದ ವೃದ್ಧ ಆಚಾರಿಯೊಬ್ಬರನ್ನು ಕರೆತಂದನು. ಅವರಿಗೆ ಎಂಬತ್ತರ ಸಮೀಪ. ಮಗನು ಮಂಗಳೂರಿನಲ್ಲಿ ಕಬ್ಬಿಣದ ಬಾಗಿಲು ಕಿಟಕಿಗಳನ್ನು ಬೆಸೆಯುವ ಕೆಲಸದಲ್ಲಿದ್ದನು. ಗಾಲಿಯ ವಿದ್ಯೆ ಆ ಮನೆಯಲ್ಲಿ ಅವರೊಡನೆ ಕೊನೆಯಾಗುವುದಿತ್ತು.

ಆಚಾರಿಯವರು ಬಂಡಿಯನ್ನು ಕಣ್ಣಿನಿಂದ ನೋಡುವುದಕ್ಕಿಂತ ಕಿವಿಯಿಂದ ನೋಡಿದರು. ಕೊಡತಿಯಿಂದ ಒಂದೊಂದು ಅರವನ್ನೂ ಬಡಿದರು. ಗಟ್ಟಿ ಮರದ ಸದ್ದು ಗಂಟೆಯಂತೆ, ಒಳಗೆ ಸತ್ತ ಮರದ ಸದ್ದು ಮಡಕೆಯಂತೆ. ಬಲಗಾಲಿಯ ಹನ್ನೆರಡು ಅರಗಳಲ್ಲಿ ಐದು ನಿರುಪಯೋಗಿ. ನೇಮಿಯ ಆರು ಬಾಗುತುಂಡುಗಳಲ್ಲಿ ಎರಡು ಶಿಥಿಲ. ನಾಭಿಯಲ್ಲಿ, ಎಂದರೆ ಗುಂಬದಲ್ಲಿ, ಕೂದಲೆಳೆಯಷ್ಟು ಸೀಳು. ಕಬ್ಬಿಣದ ಪಟ್ಟಿ ಬಿಗಿದರೆ ಆ ಸೀಳು ಕಾಣದು, ಒಂದು ದಿನದ ಪ್ರಯಾಣ ನಡೆದೀತು ಎಂದು ಮೊಮ್ಮಗನು ಹೇಳಿದಾಗ, ಆಚಾರಿಯವರು ಉಳಿಯನ್ನು ಚೀಲದೊಳಗಿಟ್ಟರು. ಕಾಣದಂತೆ ಮಾಡುವುದು ರಿಪೇರಿಯಲ್ಲ, ಮಕ್ಕಳು ಕೂರುವ ಗಾಡಿಗೆ ಸುಳ್ಳು ಹೇಳಿಸಲು ತಮ್ಮಿಂದಾಗದು ಎಂಬುದು ತುಳುವಿನಲ್ಲಿ ಅವರು ಆಡಿದ ಮಾತಿನ ತಾತ್ಪರ್ಯ. ಹನ್ನೆರಡನೆಯ ಶತಮಾನದ ಶರಣರ ನಡುವೆ ಬಾಚಿಯ ಕಾಯಕದ ಬಸವಯ್ಯನೆಂಬ ಬಡಗಿಯೂ ಇದ್ದನು. ಕಾಯಕದಲ್ಲಿ ಕಪಟವಿರಬಾರದೆಂಬ ಅರಿವು ಬಾಚಿ ಹಿಡಿದ ಕೈಗಳಿಗೆ ಗ್ರಂಥಗಳಿಂದ ಬಂದುದಲ್ಲ.

ಗುಂಬಕ್ಕೆ ಮರವೆಲ್ಲಿ? ಹಸಿ ಮರದಲ್ಲಿ ಗುಂಬ ಕಡೆದರೆ ಒಣಗುವಾಗ ತಾನೇ ಬಿರಿಯುತ್ತದೆ. ವರ್ಷಗಟ್ಟಲೆ ನೆರಳಿನಲ್ಲಿ ಒಣಗಿದ ಬೀಟೆಯಂತಹ ಮರವೇ ಬೇಕು. ಮನೆಯ ಅಜ್ಜಿಯವರು ಅಟ್ಟವನ್ನು ತೋರಿಸಿದರು. ಅಡುಗೆಮನೆಯ ಹೊಗೆ ಹಾಯುವ ಆ ಅಟ್ಟದ ಮೂಲೆಯಲ್ಲಿ, ಹಳೆಯ ತೊಟ್ಟಿಲಿನ ಹಿಂದೆ, ಬೀಟೆಯ ಎರಡು ದುಂಡುತುಂಡುಗಳಿದ್ದವು. ಬಂಡಿಯನ್ನು ಮಾಡಿಸಿದ ದಿನವೇ ಹಿಂದಿನ ಯಜಮಾನರು ಅವನ್ನು ಅಲ್ಲಿ ಏರಿಸಿದ್ದರು. ಗುಂಬ ಒಂದಲ್ಲ ಒಂದು ದಿನ ಸೀಳುತ್ತದೆ, ಅಂದು ಮರ ಹುಡುಕುವುದು ತಡವಾಗುತ್ತದೆ ಎಂಬುದು ಅವರ ಎಣಿಕೆ. ಹೊಗೆ ಹಿಡಿದು ಕಪ್ಪಾಗಿದ್ದ ಆ ತುಂಡನ್ನು ಆಚಾರಿಯವರು ಬೆರಳಿನಿಂದ ತಟ್ಟಿ, ಕಿವಿಗಿಟ್ಟು, ತಲೆದೂಗಿದರು.

ಕೆಲಸ ಮಾಘದಲ್ಲಿ ಮೊದಲಾಯಿತು. ಮರ ಚೆನ್ನಾಗಿ ಒಣಗಿರುವ ಬೇಸಗೆಯಲ್ಲಿಯೇ ಗಾಲಿ ಕೂಡಿಸಬೇಕು. ಮಳೆಗಾಲದಲ್ಲಿ ಉಬ್ಬಿದ ಮರಕ್ಕೆ ಕಬ್ಬಿಣ ತೊಡಿಸಿದರೆ ಬೇಸಗೆಯಲ್ಲಿ ಅದು ಕಳಚುತ್ತದೆ. ಆಚಾರಿಯವರ ಕೈ ನಡುಗುತ್ತಿದ್ದುದರಿಂದ ಅವರು ಗೆರೆ ಎಳೆಯುವರು, ಮೊಮ್ಮಗನು ಉಳಿ ಹಿಡಿಯುವನು. ಗುಂಬದ ಹನ್ನೆರಡು ತೂತುಗಳೂ ಒಂದೇ ಓರೆಯಲ್ಲಿರಬೇಕು. ಒಂದು ತೂತು ಎಳ್ಳಿನಷ್ಟು ತಪ್ಪಿದರೆ ಗಾಲಿ ಕುಂಟುತ್ತದೆ. ಮೂರು ಸಲ ತಪ್ಪಿದ ಕೈ ನಾಲ್ಕನೆಯ ಸಲ ಒಪ್ಪವಾಯಿತು. ಹಳೆಯ ಅರಗಳಲ್ಲಿ ಗಟ್ಟಿಯಾಗಿದ್ದ ಏಳನ್ನು ಹಾಗೆಯೇ ಉಳಿಸಿಕೊಂಡರು. ಹೊಸ ಐದನ್ನು ಕಿರಾಲುಬೋಗಿಯಿಂದ ಮಾಡಿದರು. ಇದ್ದುದನ್ನು ತೆಗೆಯುವುದಕ್ಕೆ ಕಾರಣ ಬೇಕು, ಉಳಿಸುವುದಕ್ಕೆ ಬೇಡ: ಇದು ಆಚಾರಿಯವರ ಸೂತ್ರ.

ಕಬ್ಬಿಣದ ಪಟ್ಟಿಯನ್ನು ತೊಡಿಸುವ ದಿನ ನೆರೆಹೊರೆಯವರೂ ನೆರೆದರು. ಪಟ್ಟಿಯ ಸುತ್ತಳತೆಯನ್ನು ಗಾಲಿಯ ಸುತ್ತಳತೆಗಿಂತ ಕಿಂಚಿತ್ ಕಡಮೆಯಾಗಿಯೇ ಮಾಡುತ್ತಾರೆ. ಬೆರಣಿ ಕಟ್ಟಿಗೆಗಳ ಬೆಂಕಿಯಲ್ಲಿ ಕಾದ ಕಬ್ಬಿಣ ಹಿಗ್ಗುತ್ತದೆ. ಆಗ ಇಕ್ಕುಳಗಳಿಂದ ಎತ್ತಿ, ನೆಲದ ಮೇಲೆ ಮಲಗಿಸಿದ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯಬೇಕು. ತಣಿದ ಕಬ್ಬಿಣ ಕುಗ್ಗಿ, ನೇಮಿಯನ್ನು ಅರಗಳ ಮೇಲೆ, ಅರಗಳನ್ನು ಗುಂಬದೊಳಕ್ಕೆ ಅದುಮುತ್ತದೆ. ಮೊಳೆಯಿಲ್ಲ, ಅಂಟಿಲ್ಲ; ಒಂದನ್ನೊಂದು ಒತ್ತಿ ಹಿಡಿದಿರುವುದೇ ಗಾಲಿಯ ಬಲ. ಸಂಸ್ಥೆಗಳ ಬಲವೂ ಇದೇ ಬಗೆಯದೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ಕಮಾನನ್ನು ಕಟ್ಟಿದವರು ಮಲೆಕುಡಿಯ ಸಮುದಾಯದ ಹಿರಿಯರೊಬ್ಬರು. ಸುಬ್ರಹ್ಮಣ್ಯದ ಚಂಪಾಷಷ್ಠಿಯ ಬ್ರಹ್ಮರಥವನ್ನು ಹಗ್ಗವಿಲ್ಲದೆ ಬಿದಿರು ಬೆತ್ತಗಳಿಂದ ಬಿಗಿದು ಕಟ್ಟುವ ಕೌಶಲ ಆ ಸಮುದಾಯದ್ದು. ಹಳೆಯ ಬ್ರಹ್ಮರಥವು ವಿಶ್ರಾಂತಿ ಪಡೆದು, 2019ರಲ್ಲಿ ಕೋಟೇಶ್ವರದಲ್ಲಿ ನಿರ್ಮಿತವಾದ ನೂತನ ರಥವು ಕ್ಷೇತ್ರಕ್ಕೆ ಬಂದಿತು. ಮರ ಹೊಸದಾಯಿತು, ಬೆತ್ತ ಬಿಗಿಯುವ ಕೈಗಳು ಮಾತ್ರ ಪರಂಪರೆಯವೇ. ವರ್ಷಕ್ಕೊಮ್ಮೆ ಕಟ್ಟಿ, ವರ್ಷಕ್ಕೊಮ್ಮೆ ಬಿಚ್ಚುವುದರಿಂದಲೇ ಆ ವಿದ್ಯೆ ಮರೆಯದೆ ಉಳಿದಿದೆ. ಒಮ್ಮೆ ಕಟ್ಟಿ ಎಂದೆಂದಿಗೂ ಬಿಚ್ಚಬೇಕಾಗದಂತಹ ರಥವಿದ್ದಿದ್ದರೆ, ಕಟ್ಟುವುದು ಹೇಗೆಂಬುದು ಎಂದೋ ಮರೆತುಹೋಗುತ್ತಿತ್ತು. ಶೈಥಿಲ್ಯವು ವಸ್ತುವಿಗೆ ದೋಷ, ವಿದ್ಯೆಗೆ ಉಪಕಾರಿ.

ಮರುವರ್ಷದ ಪುಷ್ಯದಲ್ಲಿ, ಕೊಯ್ಲು ಮುಗಿದ ಮೇಲೆ ಬಂಡಿ ಹೊರಟಿತು. ಮನೆಯಲ್ಲಿ ಎತ್ತುಗಳಿರಲಿಲ್ಲವಾದ್ದರಿಂದ ಘಟ್ಟದ ಮೇಲಿನ ಪರಿಚಿತರಿಂದ ಒಂದು ಜೋಡಿಯನ್ನು ಲಾರಿಯಲ್ಲಿ ತರಿಸಿದ್ದರು. ಹಿಂದೆ ಬಂಡಿಯೆಳೆಯುತ್ತಿದ್ದ ಎತ್ತು ತಾನೇ ವಾಹನವೇರಿ ಬಂದುದು ಕಾಲದ ವಿಡಂಬನೆ. ಆಚಾರಿಯವರು ಮುಂಭಾಗದಲ್ಲಿ ಕುಳಿತು, ಗಾಲಿಯ ಸದ್ದಿಗೆ ಕಿವಿಗೊಟ್ಟಿದ್ದರು. ದಾರಿ ದೂರದ್ದೇನಲ್ಲ; ಎರಡು ಗಂಟೆಗಳಲ್ಲಿ ನಂಟರ ಗದ್ದೆಯನ್ನು ತಲಪಿದರು. ಕೂಳೆಯ ನಡುವೆ ಮೂಕಿಗೆ ಊರೆಗೋಲು ಕೊಟ್ಟು ಬಂಡಿಯನ್ನು ನಿಲ್ಲಿಸಿದರು. ಮೂರು ಕಲ್ಲಿನ ಒಲೆಯ ಮೇಲೆ ಗಂಜಿ ಬೆಂದಿತು. ಮಕ್ಕಳು ಕಮಾನಿನೊಳಗೆ ಮುಂಡುಗದ ಚಾಪೆಯ ಮೇಲೆ ಮಲಗಿ, ಹಿಂಬದಿಯ ಬಾಯಿಯಿಂದ ಕುಮಾರಪರ್ವತದ ನೆರಳನ್ನೂ ಅದರ ಮೇಲಿನ ನಕ್ಷತ್ರಗಳನ್ನೂ ನೋಡಿದರು. ರೋಹಿಣಿಯ ಬಂಡಿ ಯಾವುದೆಂದು ಅಜ್ಜಿಯವರು ತೋರಿಸಿಕೊಟ್ಟರು.

ಬೆಳಗ್ಗೆ ನೋಡುವಾಗ ಎಡಗಾಲಿಯ ಪಟ್ಟಿ ತುಸು ಸಡಿಲವಾಗಿತ್ತು. ಮಕ್ಕಳ ಮುಖ ಬಾಡಿತು. ಆಚಾರಿಯವರಿಗೆ ಅದರಿಂದ ಖೇದವೇನೂ ಆಗಲಿಲ್ಲ. ಗಾಲಿಯನ್ನು ಕಳಚಿ ತೋಡಿನ ನೀರಿನಲ್ಲಿ ಮಲಗಿಸಿದರು. ಮಧ್ಯಾಹ್ನದ ವೇಳೆಗೆ ಮರ ಉಬ್ಬಿ ಪಟ್ಟಿ ಬಿಗಿಯಾಯಿತು. ಇದು ಮನೆ ಸೇರುವವರೆಗಿನ ಉಪಾಯ, ಮುಂದಿನ ಬೇಸಗೆಯಲ್ಲಿ ಪಟ್ಟಿಯನ್ನು ಕತ್ತರಿಸಿ ಮತ್ತೆ ಕೂಡಿಸಬೇಕು, ಅದನ್ನು ನೀನೇ ಮಾಡಬೇಕು ಎಂದು ಮೊಮ್ಮಗನಿಗೆ ತಿಳಿಸಿದರು. ಜೀರ್ಣೋದ್ಧಾರ ಮುಗಿಯಿತೆಂದು ಬಗೆದಿದ್ದವನಿಗೆ, ಅದು ಮೊದಲಾದುದಷ್ಟೇ ಎಂದು ಆಗ ಅರಿವಾಯಿತು.

ಹೊಸದನ್ನು ಕಟ್ಟಿಸುವ ಔದಾರ್ಯ ನಾಡಿನಲ್ಲಿ ಧಾರಾಳವಾಗಿದೆ. ಅದಕ್ಕೆ ವಂದನೆ ಸಲ್ಲಲೇಬೇಕು. ಕಟ್ಟಿಸಿದ್ದರ ಹೆಂಚು ಸರಿಸಿ ನೋಡುವ, ಸೀಳನ್ನು ಬಣ್ಣದಿಂದ ಮುಚ್ಚದೆ ಬಯಲಿಗೆ ತಂದು ತಿದ್ದುವ, ತಿದ್ದುವುದನ್ನು ಕಿರಿಯರ ಕೈಗೆ ಕಲಿಸುವ ಪಾಲಕರು ಅಷ್ಟು ಸುಲಭವಾಗಿ ದೊರೆಯರು. ಅಂಥವರ ಸಂತತಿ ಬೆಳೆಯಲಿ. ಆ ತೋಟದ ಮನೆಯ ಅಟ್ಟದಲ್ಲಿ ಬೀಟೆಯ ತುಂಡುಗಳಲ್ಲಿ ಇನ್ನೊಂದು ಉಳಿದಿದೆ. ಮೊಮ್ಮಗನು ತೋಟದಲ್ಲಿ ಗಾಳಿಗೆ ಉರುಳಿದ ಹಳೆಯ ಹಲಸಿನ ಮರದ ತಿರುಳಿನ ತೊಲೆಯೊಂದನ್ನೂ ಅದರ ಪಕ್ಕದಲ್ಲಿ ಏರಿಸಿಟ್ಟಿದ್ದಾನೆ. ಅದು ಒಣಗಿ ಹದವಾಗುವ ಹೊತ್ತಿಗೆ ಕಮಾನಿನಡಿಯಲ್ಲಿ ಮಲಗಿದ್ದ ಮಕ್ಕಳು ಉಳಿ ಹಿಡಿಯುವ ವಯಸ್ಸಿಗೆ ಬಂದಿರುತ್ತಾರೆ.