ಮಗಳ ಸೈಕಲ್ಲು: ಜನವರಿಯ ಪುಟಗಳು

ಕುರನೂರ, 5 ಜನವರಿ 2025, ರವಿವಾರ

ಸೊಲ್ಲಾಪುರದಿಂದ ತಂದ ಹಳೇ ಸೈಕಲ್ಲನ್ನು ಮುಂಜಾನೆ ನಾನೇ ಡ್ಯಾಮಿನ ತನಕ ಹೊಡೆದುಕೊಂಡು ಹೋಗಿ ಬಂದೆ. ಚೈನಿನ ಸದ್ದಿಲ್ಲ, ಬ್ರೇಕು ಹಿಡಿಯುತ್ತದೆ. "ಛಲೋ ಅದ" ಎಂದು ಮಗಳ ಕೈಗೆ ಕೊಟ್ಟೆ. ಚಪಳಗಾಂವ ರಸ್ತೆಯಲ್ಲಿ ಅರ್ಧ ತಾಸು ತುಳಿದು ಬಂದವಳು ಕಟ್ಟೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಂಡಳು.

"ಅಪ್ಪಾ, ಚಿಪ್ಪಿನ ಮುಂದ ನೋಯ್ಲಿಕತ್ತದ."

ಎರಡೂ ಪಾದ ನೆಲಕ್ಕೆ ಊರಲೆಂದು ಅಂಗಡಿಯವರು ಸೀಟು ಪೂರಾ ಇಳಿಸಿ ಕೊಟ್ಟಿದ್ದರು. ಧೈರ್ಯಕ್ಕೆ ಅದು ಸರಿ. ಆದರೆ ತುಳಿಯುವಾಗ ಕಾಲು ಚಾಚುವುದೇ ಇಲ್ಲ, ಮಡಚಿದ ಮೊಣಕಾಲಿನ ಮೇಲೇ ಭಾರ ಬೀಳುತ್ತದೆ. ಹತ್ತು ನಿಮಿಷದ ಸವಾರಿಯಲ್ಲಿ ನನಗದು ತಿಳಿಯಲಿಲ್ಲ. ದಿನಾ ಹೋಗಿ ಬರುವವಳು ಅವಳು.

6 ಜನವರಿ, ಸೋಮವಾರ

ಅವಳವ್ವ ಅವಳನ್ನು ಗೋಡೆಗೆ ನಿಲ್ಲಿಸಿ, ಕಾಲಸಂದಿಗೆ ಪಟ್ಟಿಪುಸ್ತಕ ಒತ್ತಿ ಹಿಡಿದು ನೆಲದ ತನಕ ಅಳೆದಳು: 72 ಸೆಂಟಿಮೀಟರ್. ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್‌ನಿಂದ ಹೆಸರಾದ ಲೆಕ್ಕ ಒಂದಿದೆ: ಆ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲಿನ ಕ್ರ್ಯಾಂಕು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ನೆತ್ತಿಯವರೆಗಿನ ಎತ್ತರ. ಸುಮಾರು ಅರವತ್ತಮೂರೂವರೆ ಬಂತು.

ಒಮ್ಮೆಲೇ ಏರಿಸಿದರೆ ಹೆದರುತ್ತಾಳೆ. ಇವತ್ತು ಅರ್ಧ, ನಾಳೆ ಉಳಿದರ್ಧ. ಕಂಬಿ ಎರಡೂವರೆ ಇಂಚಾದರೂ ಪೈಪಿನೊಳಗೆ ಉಳಿಯಬೇಕು, ಇಲ್ಲದಿದ್ದರೆ ಮುರಿದೀತು, ಅದನ್ನೂ ನೋಡಿಕೊಂಡೆ. ಮೊದಲಿದ್ದ ಎತ್ತರಕ್ಕೆ ಅವಳ ಉಗುರುಬಣ್ಣದಿಂದ ಕಂಬಿಯ ಮೇಲೆ ಒಂದು ಕೆಂಪು ಗೆರೆ ಎಳೆದಿಟ್ಟೆ.

8 ಜನವರಿ, ಬುಧವಾರ

ಮೊಣಕಾಲು ನೋವು ಹೋಯಿತು. ಗಾಡಿ ಮೇಲೆ ಹಿಂದಿನಿಂದ ನೋಡುತ್ತ ಹೋದೆ. ಪ್ರತಿ ತುಳಿತಕ್ಕೂ ಸೊಂಟ ಅತ್ತಿತ್ತ ವಾಲುತ್ತಿತ್ತು, ಹಿಮ್ಮಡಿ ಪೆಡಲಿಗೆ ಎಟಕುತ್ತಿರಲಿಲ್ಲ. ಲೆಕ್ಕ ಬೂಟು ಹಾಕುವ ರೇಸಿನ ಸವಾರರದು. ಇವಳದು ತೆಳು ಚಪ್ಪಲಿ. ಅರ್ಧ ಬೆರಳು ಇಳಿಸಿದೆ. ಈಗ ಹಿಮ್ಮಡಿಯಿಟ್ಟರೆ ಕಾಲು ನೆಟ್ಟಗೆ, ಮುಂಗಾಲಿಟ್ಟರೆ ಮೊಣಕಾಲಲ್ಲಿ ತುಸು ಬಾಗು. ಎರಡನೇ ಗೆರೆ.

11 ಜನವರಿ, ಶನಿವಾರ

ಹೊಸ ದೂರು: "ಅಂಗೈ ಜುಂ ಅಂತಾವ, ಬೆಲ್ಲು ಒತ್ತಿದ್ದೂ ಗೊತ್ತಾಗಂಗಿಲ್ಲ."

ಗೌಂಡಿಯ ರಸಮಟ್ಟ ತಂದು ಸೀಟಿನ ಮೇಲಿಟ್ಟೆ. ಮೂತಿ ಕೆಳಗೆ ಬಾಗಿತ್ತು. ಹಾಗಿದ್ದರೆ ಮೈ ಮುಂದೆ ಜಾರುತ್ತದೆ, ಜಾರುವ ಮೈಯನ್ನು ಅಂಗೈಗಳೇ ತಡೆಯಬೇಕು. ಸಮ ಮಾಡಿ ಬಿಗಿದೆ. ಓಣಿಯಲ್ಲಿ ನಾಲ್ಕು ಸುತ್ತು ಹಾಕಿಸಿದೆ, ಸರಿಯಾಗಿದೆ ಅಂದಳು. ಆದರೆ ಶಾಲೆಯಿಂದ ಬಂದಾಗ ಮತ್ತದೇ ದೂರು.

ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ನಾವು ನೋಡಿದ್ದೆಲ್ಲ ಖಾಲಿ ಬೆನ್ನಿನ ಸವಾರಿ. ಚೀಲ ತೂಗಿದೆ: ಆರೂವರೆ ಕಿಲೋ! ಅಷ್ಟು ಭಾರ ಹೆಗಲಿಗೆ ನೇತುಬಿದ್ದರೆ ಕೂಸು ಹ್ಯಾಂಡಲಿಗೆ ಆತುಕೊಳ್ಳದೆ ಇನ್ನೇನು ಮಾಡೀತು? ಎದುರುಗಾಳಿ ಬೇರೆ. ರಸ್ತೆಯೂ ಓಣಿಯಂತಲ್ಲ, ಕಬ್ಬಿನ ಟ್ರ್ಯಾಕ್ಟರುಗಳು ತುಳಿದು ತುಳಿದು ಅಂಚೆಲ್ಲ ಹರಿದುಹೋಗಿದೆ.

12 ಜನವರಿ, ರವಿವಾರ

ಚೀಲವನ್ನು ಕ್ಯಾರಿಯರಿಗೆ ಹಾಕಿ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದೆವು. ಕಲ್ಲಿನಂತೆ ತುಂಬಿಸಿದ್ದ ಗಾಳಿಯನ್ನು, ಅವಳು ಕೂತಾಗ ಟಾಯರು ತುಸು ಒತ್ತುವಷ್ಟು ಇಳಿಸಿದೆ. ಹಿಂದಿನದರಲ್ಲಿ ಮುಂದಿನದಕ್ಕಿಂತ ಹೆಚ್ಚು, ಚೀಲದ ಭಾರ ಅಲ್ಲೇ ಅಲ್ಲವೇ. 1887-88ರಲ್ಲಿ ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಗಾಳಿಯ ಟಾಯರು ಮಾಡಿದ್ದೂ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೇ. ಆ ಅಪ್ಪನ ನೆನಪಾಯಿತು.

ಈ ಸಲ ಪುಸ್ತಕ, ಬುತ್ತಿ, ನೀರಿನ ಬಾಟ್ಲಿ ಸಮೇತ, ಶಾಲೆಯ ಹಾದಿಯಲ್ಲೇ ಕಳಿಸಿದೆ. ಹೊಲದಲ್ಲಿ ಸೀತನಿಗೆ ಬಂದ ಜೋಳ. ನಾನು ಬದುವಿನ ಮೇಲೆ ಕಾದು ನಿಂತೆ. ತಿರುಗಿ ಬಂದವಳು ಇಳಿಯಲೇ ಇಲ್ಲ. ಒಂದು ಕಾಲೂರಿ ನಿಂತು, ಬೆರಳು ಬಿಚ್ಚಿ ಮುಚ್ಚಿ ತೋರಿಸಿದಳು.

15 ಜನವರಿ, ಬುಧವಾರ

ಮೂರು ದಿನ ಸಿದ್ಧೇಶ್ವರನ ಗಡ್ಡಾ ಜಾತ್ರೆ ಎಂದು ಸೊಲ್ಲಾಪುರದಲ್ಲೇ ಇದ್ದೆವು. ಅಷ್ಟು ಎತ್ತರದ ನಂದಿಧ್ವಜ ಹೊತ್ತು ನಡೆಯುವವರ ನಡು, ಮೊಣಕಾಲುಗಳನ್ನೇ ನೋಡುತ್ತ ನಿಂತಿದ್ದೆ.

ಸಂಜೆ ಮನೆಗೆ ಬಂದ ಕೂಡಲೇ ಮಗಳು ಸೈಕಲ್ ತೆಗೆದಳು. ಓಣಿಯ ತುದಿ ಮುಟ್ಟಿ ಬಂದು ಅಂದಳು: "ಹ್ಯಾಂಡಲ್ ಒಂಚೂರು ನನ್ನ ಕಡೆ ಬರಬೇಕು ಅಪ್ಪಾ. ಪಾನಾ ಎಲ್ಲಿಟ್ಟಿ? ನೀ ಬರಬ್ಯಾಡ, ನಾನs ತಿರುವ್ತೀನಿ."