ಮುಳ್ಳು ಹಾರಿದ ಜಾಗ

ಅಮೆರಿಕದ ಗಾಯಕ ಜಿಮ್ ರೀವ್ಸ್ ತೀರಿಕೊಂಡಾಗ ನನಗೆ ಎರಡು ವರ್ಷ. ಆ ಸುದ್ದಿ ನಮ್ಮ ಕೇರಿಯ ಹುಡುಗರ ಕಿವಿಗೆ ಬಿದ್ದಾಗ ಹನ್ನೆರಡು. ನಡುವಿನ ಹತ್ತು ವರ್ಷ ಆತ ಕೆಜಿಎಫ್‌ನಲ್ಲಿ ಆರೋಗ್ಯವಾಗಿಯೇ ಇದ್ದ.

ಅಪ್ಪ ಅಲ್ಲಿಯ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಚಾಂಪಿಯನ್ ರೀಫ್ ಕಡೆ ನಮ್ಮ ಮನೆ. ಕೇರಿಯಲ್ಲಿ ತಮಿಳು ಜಾಸ್ತಿ, ತೆಲುಗು ಅಷ್ಟಿಷ್ಟು, ಕನ್ನಡದವರದು ನಮ್ಮದೂ ಸೇರಿ ಮೂರು ಮನೆ. ಎದುರಿಗಿದ್ದದ್ದು ಆಂಗ್ಲೋ ಇಂಡಿಯನ್ ಕುಟುಂಬ. ಅಂಕಲ್‌ಗೆ ನೆಲದಡಿ ಕೆಲಸ, ಆಂಟಿ ಸ್ಕೂಲ್ ಟೀಚರ್, ಅವರ ಮಗ ನನ್ನ ಕ್ಲಾಸು. ಕೇರಿಗೆಲ್ಲ ಇದ್ದ ಒಂದೇ ರೆಕಾರ್ಡ್ ಪ್ಲೇಯರ್ ಆ ಮನೆಯದು. ಭಾನುವಾರ ಚರ್ಚಿನಿಂದ ಬಂದ ಆಂಟಿ ಪ್ಲೇಟಿನ ಧೂಳನ್ನು ಹಳೇ ಬಟ್ಟೆಯಲ್ಲಿ ಒರೆಸಿ ಮುಳ್ಳು ಇಡುವ ಹೊತ್ತಿಗೆ ನಾವು ಐದಾರು ಜನ ಅವರ ವರಾಂಡದ ಕೆಂಪು ನೆಲದ ಮೇಲೆ ಸಾಲಾಗಿ ಕೂತಾಗಿರುತ್ತಿತ್ತು.

ಗಣಿ ಊರಿನಲ್ಲಿ ಹಾಡು ಹಾಕುವುದಕ್ಕೂ ಒಂದು ಕಟ್ಟಳೆ ಇತ್ತು. ರಾತ್ರಿ ಪಾಳಿ ಮುಗಿಸಿದವರು ಹಗಲು ಮಲಗಿರುತ್ತಾರೆ. ತಗಡಿನ ಸೂರು, ಅಂಟಿಕೊಂಡ ಗೋಡೆಗಳು. ಅಂಕಲ್ ಒಮ್ಮೆ ಎಲ್ವಿಸ್ ಪ್ರೆಸ್ಲಿಯನ್ನು ಹಾಕಿದಾಗ ಪಕ್ಕದ ಮನೆಯಿಂದ ಬಂದ ಬೈಗುಳವನ್ನು ಇಲ್ಲಿ ಬರೆಯಲಾರೆ. ಜಿಮ್ ರೀವ್ಸ್‌ಗೆ ಯಾರೂ ಬೈದದ್ದಿಲ್ಲ. ಆ ದನಿ ಮಲಗಿದವರನ್ನು ಎಬ್ಬಿಸುವಂಥದ್ದಲ್ಲ.

ಮೊದಲಿನಿಂದ ಹಾಗಿರಲಿಲ್ಲ. 1923ರಲ್ಲಿ ಟೆಕ್ಸಸ್‌ನ ಗ್ಯಾಲೊವೇ ಎಂಬ ಪುಟ್ಟ ಊರಲ್ಲಿ ಹುಟ್ಟಿದ ಆತ ಬೇಸ್‌ಬಾಲ್ ಆಡುತ್ತಿದ್ದವನು. ನರಕ್ಕೆ ಪೆಟ್ಟಾಗಿ ಆಟ ಬಿಟ್ಟು ರೇಡಿಯೋ ಸೇರಿದ. 1953ರಲ್ಲಿ ಹೆಸರು ತಂದುಕೊಟ್ಟ ‘ಮೆಕ್ಸಿಕನ್ ಜೋ’ ಕೇಳಿದರೆ ಇವನೇ ಅವನಾ ಅನ್ನಿಸುತ್ತದೆ, ಜಾತ್ರೆಯಲ್ಲಿ ಕೂಗಿ ಹಾಡಿದ ಹಾಗಿದೆ. 1957ರ ‘ಫೋರ್ ವಾಲ್ಸ್’ನಲ್ಲಿ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು ದನಿ ಇಳಿಸಿದ. ನಿರ್ಮಾಪಕ ಚೆಟ್ ಅಟ್ಕಿನ್ಸ್ ವಾದ್ಯಗಳ ಗಲಾಟೆಯನ್ನು ಹಿಂದಕ್ಕೆ ಸರಿಸಿದರು. ಅಲ್ಲಿಂದ ಮುಂದೆ ಆತ ಹಾಡಿದ್ದೆಲ್ಲ ಪಕ್ಕದಲ್ಲಿ ಕೂತು ಹೇಳಿದ ಹಾಗೇ ಕೇಳುತ್ತದೆ.

ಜಗತ್ತೆಲ್ಲ ಓಡಿದ ‘ಹೀಲ್ ಹ್ಯಾವ್ ಟು ಗೋ’ ಹಾಡನ್ನು ನಮ್ಮಪ್ಪ ಬಹಳ ದಿನ ಯೇಸುವಿನ ಹಾಡೆಂದೇ ತಿಳಿದಿದ್ದರು. ಭಾನುವಾರ ಹಾಕುತ್ತಾರೆ, ಇಷ್ಟು ತಗ್ಗಿದ ದನಿ, ಇನ್ನೇನಿದ್ದೀತು? ಅದು ಒಬ್ಬ ಫೋನಿನಲ್ಲಿ ತನ್ನ ಹುಡುಗಿಗೆ, ನಿನ್ನ ಜೊತೆ ಇರುವವನನ್ನು ಮೊದಲು ಕಳಿಸು ಎಂದು ಕೇಳಿಕೊಳ್ಳುವ ಹಾಡು. ನಾನು ಅಪ್ಪನನ್ನು ತಿದ್ದಲು ಹೋಗಲಿಲ್ಲ. ತಿದ್ದಿದ್ದರೆ ವರಾಂಡ ತಪ್ಪುತ್ತಿತ್ತು.

ಡಿಸೆಂಬರ್ ಬಂತೆಂದರೆ ಬೇರೆ ಪ್ಲೇಟು, ‘ಟ್ವೆಲ್ವ್ ಸಾಂಗ್ಸ್ ಆಫ್ ಕ್ರಿಸ್ಮಸ್’. ಆಂಟಿ ಕುಲ್‌ಕುಲ್ ಎಂಬ ಸಿಹಿ ತಿಂಡಿ ಸುತ್ತಲು ನಮ್ಮನ್ನೂ ಕೂರಿಸಿಕೊಳ್ಳುತ್ತಿದ್ದರು. ಕೇಕಿನಲ್ಲಿ ಮೊಟ್ಟೆ ಇದೆಯೆಂದು ಗೊತ್ತಿದ್ದೂ ಗೊತ್ತಿಲ್ಲದವರಂತೆ ನಾನು ತಿನ್ನುತ್ತಿದ್ದೆ, ಕೇಳದವಳಂತೆ ಅಮ್ಮ ಇರುತ್ತಿದ್ದಳು. ಅಂಥ ಒಂದು ಸಂಜೆ, ‘ಆ್ಯನ್ ಓಲ್ಡ್ ಕ್ರಿಸ್ಮಸ್ ಕಾರ್ಡ್’ ಹಾಡು ನಡೆದಿತ್ತು, ನೆಲ ಒಮ್ಮೆ ಎದ್ದು ಬಿದ್ದಂತಾಯಿತು. ಕೆಳಗೆಲ್ಲೋ ಕಲ್ಲು ಸಿಡಿದಿದೆ. ಗಾಜಿನ ಬೀರುವಿನ ಲೋಟಗಳು ಗಲಗಲ ಅಂದವು, ಮುಳ್ಳು ಪ್ಲೇಟಿನ ಮೇಲೆ ಕರ್ರನೆ ಗೀರಿ ಹಾರಿತು. ಆಂಟಿ ಮುಳ್ಳನ್ನು ಎತ್ತಿಡಲೂ ಇಲ್ಲ. ಕೈಯ ಹಿಟ್ಟು ಹಾಗೇ, ಬೀದಿಗೆ ಬಂದು ನಿಂತರು. ಎಲ್ಲ ಮನೆಯ ಹೆಂಗಸರೂ ಬಂದು ನಿಂತಿದ್ದರು. ಯಾರೂ ಮಾತಾಡಲಿಲ್ಲ. ಕತ್ತಲಾಗುವ ಹೊತ್ತಿಗೆ ಅಂಕಲ್ ಸೈಕಲ್ ತಳ್ಳಿಕೊಂಡು ಬಂದರು. ಒಳಗೆ ಪ್ಲೇಟು ಆಗಲೂ ಸುಮ್ಮನೆ ತಿರುಗುತ್ತಿತ್ತು.

1974ರಲ್ಲಿ ನಾವು ಹುಡುಗರು ಜಿಮ್ ರೀವ್ಸ್‌ಗೆ ಕಾಗದ ಬರೆಯುವುದೆಂದು ತೀರ್ಮಾನಿಸಿದೆವು. ಕೆಜಿಎಫ್‌ಗೆ ಬಂದು ಹಾಡಬೇಕು ಎಂದು. ದಕ್ಷಿಣ ಆಫ್ರಿಕಕ್ಕೆ ಹೋಗಿದ್ದಾನೆ, ಅಲ್ಲಿಯ ಆಫ್ರಿಕಾನ್ಸ್ ಭಾಷೆಯಲ್ಲೂ ಹಾಡಿದ್ದಾನೆ, ‘ಕಿಂಬರ್ಲಿ ಜಿಮ್’ ಎಂಬ ವಜ್ರದ ಊರಿನ ಸಿನಿಮಾದಲ್ಲೂ ಇದ್ದಾನೆ. ಚಿನ್ನದ ಊರಿಗೆ ಬರಲು ಏನು ಕಷ್ಟ? ಅಕ್ಷರ ಚೆನ್ನಾಗಿದೆಯೆಂದು ನನ್ನ ಕೈಲಿ ಬರೆಸಿದರು. ಆಂಟಿ ಓದಿದರು, ಟೀಚರ್ ಅಲ್ಲವೇ, ಕೆಂಪು ಪೆನ್ಸಿಲ್ ತೆಗೆದು ಎರಡು ಸ್ಪೆಲ್ಲಿಂಗ್ ತಿದ್ದಿದರು. ಆಮೇಲೆ ನಿಧಾನವಾಗಿ, "ಅಡ್ರೆಸ್ ಬೇಡ ಮಗಾ, ಅವರು ಹೋಗಿ ಹತ್ತು ವರ್ಷ ಆಯ್ತು" ಅಂದರು.

1964ರ ಜುಲೈ 31. ಅರ್ಕನ್ಸಾದಿಂದ ನ್ಯಾಶ್‌ವಿಲ್‌ಗೆ ತಾನೇ ನಡೆಸುತ್ತಿದ್ದ ಸಣ್ಣ ವಿಮಾನ, ಗುಡುಗು ಮಳೆಗೆ ಸಿಕ್ಕಿ ಊರ ಸಮೀಪವೇ ಕಾಡಿಗೆ ಬಿತ್ತು. ಜೊತೆಗಿದ್ದವನು ಪಿಯಾನೋ ವಾದಕ ಡೀನ್ ಮ್ಯಾನುಯೆಲ್. ಜೊತೆಗಾರ ಗಾಯಕರೂ ಸೇರಿ ನೂರಾರು ಜನ ಹುಡುಕಿದರು, ಸಿಗಲು ಎರಡು ದಿನ ಹಿಡಿಯಿತು. ಸಾಯುವಾಗ ವಯಸ್ಸು 40.

ನಾವು ನಂಬಲಿಲ್ಲ. ಹೋದ ವರ್ಷ ತಾನೇ ಹೊಸ ಪ್ಲೇಟು ಬಂದಿತ್ತಲ್ಲ! ಹೆಂಡತಿ ಮೇರಿ ರೀವ್ಸ್ ಗಂಡ ಬಿಟ್ಟುಹೋದ ರೆಕಾರ್ಡಿಂಗುಗಳನ್ನು ಜೋಪಾನ ಮಾಡಿ ವರ್ಷವರ್ಷ ಹೊರತರಿಸುತ್ತಿದ್ದರೆಂಬುದು ನನಗೆ ಎಷ್ಟೋ ಕಾಲದ ಮೇಲೆ ತಿಳಿಯಿತು. ‘ಡಿಸ್ಟೆಂಟ್ ಡ್ರಮ್ಸ್’ ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿ ನಿಂತದ್ದು 1966ರಲ್ಲಿ, ಹಾಡಿದವನು ಹೋಗಿ ಎರಡು ವರ್ಷಕ್ಕೆ. ಹಾಗಾಗಿ ಮೋಸಹೋದವರು ನಾವಷ್ಟೇ ಅಲ್ಲ. ಅಂದು ಮಾತ್ರ ವರಾಂಡದಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಆಂಟಿ ಕಾಗದವನ್ನು ಮಡಿಸಿ ಪ್ಲೇಟಿನ ಕವರಿನೊಳಗೆ ಇಟ್ಟರು.

ಆಮೇಲೆ ಕೇರಿ ಖಾಲಿಯಾಗುತ್ತ ಬಂತು. ಎದುರು ಮನೆಯವರು ಆಸ್ಟ್ರೇಲಿಯಕ್ಕೆ ಹೋದರು, ನಾನು ಬೆಂಗಳೂರಿಗೆ. 2001ರಲ್ಲಿ ಗಣಿಯೇ ಮುಚ್ಚಿತು. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಈಗಲೂ ಇವೆ, ಗಾಳಿ ಬೀಸಿದರೆ ಅದೇ ಧೂಳು. ಅಂಕಲ್, ಆಂಟಿ ಇಬ್ಬರೂ ಆಸ್ಟ್ರೇಲಿಯದ ಮಣ್ಣಿಗೆ ಸೇರಿದರು.

ಪ್ರತಿ ಕ್ರಿಸ್ಮಸ್‌ಗೆ ಅವರ ಮಗನ ಫೋನು ಬರುತ್ತದೆ. ಹಲೋ ಇಲ್ಲ, ಹಬ್ಬದ ಮಾತಿಲ್ಲ. "ಕೇಳ್ತಾ ಇದೆಯೇನೋ?" ಅನ್ನುತ್ತಾನೆ, ಫೋನನ್ನು ಪ್ಲೇಯರಿನ ಹತ್ತಿರ ಹಿಡಿಯುತ್ತಾನೆ. ಹಳೇ ಕಾರ್ಡಿನ ಹಾಡು ಶುರುವಾಗುತ್ತದೆ. ಇಬ್ಬರೂ ಗುನುಗುತ್ತೇವೆ. ಕರ್ರ್ ಎಂದು ಮುಳ್ಳು ಹಾರುವ ಜಾಗ ಬಂದಾಗ ಇಬ್ಬರೂ ಒಟ್ಟಿಗೇ ನಿಲ್ಲಿಸುತ್ತೇವೆ, ಎರಡು ಪದ ಬಿಟ್ಟು ಮುಂದಿನದಕ್ಕೆ ಸೇರಿಕೊಳ್ಳುತ್ತೇವೆ.